ಪಾದರಸದ ತಳದಲ್ಲಿದ್ದ ಮೂಸೆ

ಮಂಗಳವಾರ ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ದೂರು ಬಂತು. ಕಾಲೇಜಿನ ಪ್ರಯೋಗಾಲಯದಿಂದ ಪ್ಲಾಟಿನಂ ಮೂಸೆಯೊಂದು ಕಾಣೆಯಾಗಿತ್ತು. ಲೋಹ ಕಾಯಿಸುವ, ಮುಷ್ಟಿಯೊಳಗೆ ಅಡಗುವ ಪುಟ್ಟ ಬಟ್ಟಲು. ದೂರು ಕೊಟ್ಟ ಪ್ರಾಧ್ಯಾಪಕಿ ಅನುಮಾನವನ್ನೂ ಜೊತೆಗೇ ತಂದಿದ್ದರು. ಸೋಮವಾರ ಸಂಜೆ ಕೊನೆಗೆ ಹೊರಬಿದ್ದವಳು ಕಸ ಗುಡಿಸುವವಳು. ಎಫ್‌ಐಆರ್ ದಾಖಲಾಯಿತು.

ಹತ್ತೂವರೆಗೆ ಇನ್ಸ್‌ಪೆಕ್ಟರ್ ಸ್ಥಳಕ್ಕೆ ಹೋದಾಗ ಅವಳು ಪೊರಕೆ ಹಿಡಿದೇ ಬಾಗಿಲಲ್ಲಿ ನಿಂತಿದ್ದಳು.

"ಕೆಲಸ ಹೋದ್ರೆ ನನ್ನ ಎರಡು ಮಕ್ಕಳು ಬೀದಿಗೆ ಬೀಳ್ತಾವೆ ಸಾರ್. ಅದು ಬಟ್ಟಲೋ ಲೋಟವೋ, ನಾನಂತೂ ಮುಟ್ಟಿಲ್ಲ."

ಕಪಾಟು, ಕಸದ ಬುಟ್ಟಿ, ಅವಳ ಊಟದ ಡಬ್ಬಿ ಎಲ್ಲ ಜಾಲಾಡಿದ್ದಾಯಿತು. ಉಳಿದದ್ದು ಕಿಟಕಿಯ ಕೆಳಗಿನ ಕಬ್ಬಿಣದ ತೊಟ್ಟಿ. ಗೇಣಗಲ, ನಾಲ್ಕು ಬೆರಳು ಆಳ, ಅಂಚಿನವರೆಗೂ ಪಾದರಸ. ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಅದು ನಡುಗುತ್ತಿತ್ತು, ಚಾವಣಿಯ ಮೇಲೆ ಬೆಳಕು ಈಜುತ್ತಿತ್ತು. ಅದನ್ನೇ ನೋಡುತ್ತ ಇನ್ಸ್‌ಪೆಕ್ಟರಿಗೆ ತಾವು ಬಂದ ಕೆಲಸವೇ ಒಂದು ಗಳಿಗೆ ಮರೆತುಹೋಯಿತು.

ಎಂಟು ದಿನದಲ್ಲಿ ನಿವೃತ್ತನಾಗಲಿದ್ದ ಅಟೆಂಡರನ್ನು ಎಲ್ಲರೂ ತಾತ ಎನ್ನುತ್ತಿದ್ದರು. ಅವನು ಒಂದು ನಟ್ಟು, ಒಂದು ಸೀಸದ ತುಂಡು ಹಾಕಿ ತೋರಿಸಿದ. ಎರಡೂ ತೇಲಿದವು.

"ಇದ್ರಲ್ಲಿ ಏನೂ ಮುಳುಗಲ್ಲ ಸಾರ್."

ಮೂವತ್ತೊಂದು ವರ್ಷ ವಿದ್ಯಾರ್ಥಿಗಳಿಗೆ ಹೇಳಿದ ಮಾತು.

"ಹಾಗಾದ್ರೆ ಇಲ್ಲಿ ಬಚ್ಚಿಡೋ ಹಾಗೇ ಇಲ್ಲ ಬಿಡಿ," ಎಂದು ಕಾನ್ಸ್‌ಟೇಬಲ್ ಪಂಚನಾಮೆಯಲ್ಲಿ ಬರೆದುಕೊಂಡ.

ಇನ್ಸ್‌ಪೆಕ್ಟರ್ ಕನಸಿನಲ್ಲಿದ್ದವರಂತೆ ತೊಟ್ಟಿಯತ್ತ ಕೈ ಚಾಚಿದರು.

"ಉಂಗುರ! ಉಂಗುರ ತೆಗೀರಿ ಸಾರ್!" ತಾತ ಕೂಗಿಯೇಬಿಟ್ಟ. "ಚಿನ್ನ ಬೆಳ್ಳಗಾಗಿ ಹಾಳಾಗುತ್ತೆ. ಜಾರಿದ್ರೆ ತಳಕ್ಕೇ ಹೋಗುತ್ತೆ."

"ತಳಕ್ಕಾ? ಏನೂ ಮುಳುಗಲ್ಲ ಅಂದ್ರಿ?"

ತಾತ ನಟ್ಟು ಎತ್ತಿ ಒರೆಸತೊಡಗಿದ. ಪ್ರಾಧ್ಯಾಪಕಿ ವಿವರಿಸಿದರು. "ಒಂದು ಲೋಟ ಪಾದರಸ ಹದಿಮೂರೂವರೆ ಲೋಟ ನೀರಿನಷ್ಟು ತೂಗುತ್ತೆ. ಅದೇ ಗಾತ್ರದ ಕಬ್ಬಿಣ ಎಂಟು ಲೋಟದಷ್ಟೂ ಇಲ್ಲ, ಅದಕ್ಕೇ ತೇಲುತ್ತೆ. ಚಿನ್ನ ಹತ್ತೊಂಬತ್ತು. ಮುಳುಗುತ್ತೆ."

"ಪ್ಲಾಟಿನಂ?"

"ಇಪ್ಪತ್ತೊಂ..." ಅವರು ಹಣೆ ಚಚ್ಚಿಕೊಂಡರು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದಂತಾಗಿತ್ತು. ತೇಲುವುದನ್ನೇ ತೋರಿಸಿ ತೋರಿಸಿ ಅಲ್ಲಿದ್ದವರು ಮುಳುಗುವುದನ್ನು ಮರೆತಿದ್ದರು.

ಹನ್ನೊಂದು ಐವತ್ತೈದಕ್ಕೆ ಇಕ್ಕಳದಲ್ಲಿ ಮೂಸೆ ಮೇಲೆ ಬಂತು. ಪಾದರಸ ಹನಿಹನಿಯಾಗಿ ಉರುಳಿಹೋಯಿತು. ಇಬ್ಬರು ಪಂಚರು ಸಹಿ ಹಾಕಿದರು.

"ಯಾಕೆ?" ಚಿನ್ನ ಮುಳುಗುತ್ತದೆಂದು ಗೊತ್ತಿದ್ದೂ ಏನೂ ಮುಳುಗಲ್ಲ ಎಂದಿದ್ದ ತಾತನನ್ನು ಇನ್ಸ್‌ಪೆಕ್ಟರ್ ಕೇಳಿದರು.

"ಹಳೇದಾಯ್ತು ಅಂತ ಮುಂದಿನ ವಾರ ಇದನ್ನ ಕರಗಿಸೋಕೆ ಕಳಿಸ್ತಾರಂತೆ. ಮೂವತ್ತೊಂದು ವರ್ಷ ಈ ಕೈಯಲ್ಲೇ ತೊಳ್ದಿದೀನಿ ಸಾರ್. ಮೊದಲು ಬಾಯಿ ಮೇಲಾಗಿ ಇಟ್ಟೆ, ದೋಣಿ ಹಾಗೆ ತೇಲ್ತು. ಓರೆ ಮಾಡಿದೆ, ಹೋಯ್ತು. ಅಲ್ಲೇ ತಣ್ಣಗಿರಲಿ ಅಂತ."

"ಇವಳ ಹೆಸರು ಬಂದಾಗ?"

"ಹೇಳೋಣ ಅಂತ ಬೆಳಿಗ್ಗೆಯಿಂದ ಬಾಯಿ ತೆರೀತಾನೇ ಇದೀನಿ. ಮಾತು ಬರ್ಲಿಲ್ಲ."

ಹನ್ನೆರಡು ನಲವತ್ತಕ್ಕೆ ಬಂಧನ. ವರದಿಯಲ್ಲಿ ಉದ್ದೇಶ ಎಂಬುದರ ಮುಂದೆ ಇನ್ಸ್‌ಪೆಕ್ಟರ್ 'ಆಸೆಯಲ್ಲ, ವಸ್ತುವಿನ ಮೇಲಿನ ಮಮತೆ' ಎಂದು ಬರೆದರು. ಅವರಿಗೆ ಮುದುಕನ ಮೇಲೆ ಮರುಕ ಬಂದಿತ್ತು.

ಜೀಪಿನ ಬಳಿ ಗುಡಿಸುವವಳು ಅಡ್ಡ ನಿಂತಳು. ಪೊರಕೆ ಇನ್ನೂ ಕೈಯಲ್ಲೇ ಇತ್ತು.

"ಉಂಗುರ ಹಾಳಾಗುತ್ತೆ ಅಂತ ಅಷ್ಟು ಜೋರಾಗಿ ಕೂಗಿದ್ರಲ್ಲ ತಾತ. ನನಗೋಸ್ಕರ ಒಂದ್ಸಲ ಕೂಗಬಾರದಿತ್ತಾ?"

ತಾತ ತಲೆ ತಗ್ಗಿಸಿ ಜೀಪು ಹತ್ತಿದ.