ಲೆಕ್ಕಕ್ಕಿಲ್ಲದ ಚಾ

“ಆಯಿ! ಮುಂಜಾನಿಂದ ಇದು ಎಷ್ಟನೇ ಚಾ?”

ಸ್ಕೂಲ್ ಬ್ಯಾಗ್ ಕೂಡ ಇಳಿಸದೆ ಮಹಾಮಾಯಾ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಅವಳ ಅಜ್ಜಿ ಕೌಸಲ್ಯಾಬಾಯಿ, ಗೆಳತಿ ಶೇವಂತಾಬಾಯಿಯ ಎದುರು ಆರಾಮಾಗಿ ಕೂತು, ತುಂಬಿದ ಕಪ್ ಹಿಡಿದಿದ್ದಳು.

“ಎರಡನೇದವ್ವ.”

“ಸುಳ್ಳ! ಖುಷ್ಬೂ ಮನ್ಯಾಗ ಕುಡದೀಯಂತ. ರಾಧಿಕಾ ಮನ್ಯಾಗೂ ಕುಡದೀಯಂತ!”

“ಮಂದಿ ಮನೀದು ಲೆಕ್ಕಕ್ಕ ಬರ್ತದೇನು? ಪ್ರೀತೀಲೆ ಕೊಡ್ತಾರ, ಬ್ಯಾಡ ಅನ್ನಲಾಕ ಆಗ್ತದೇನು?”

ಮಹಾಮಾಯಾಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅಜ್ಜಿಗೆ ಶುಗರ್. ಕಾಲಿನ ಗಾಯ ತಿಂಗಳಾದರೂ ಒಣಗಿಲ್ಲ. ಗುರುವಾರದೊಳಗೆ ಶುಗರ್ ಇಳಿಯದಿದ್ದರೆ ಅಡ್ಮಿಟ್ ಮಾಡಬೇಕು, ಚಾ ಕಮ್ಮಿ ಮಾಡಿ ಎಂದು ಡಾಕ್ಟರ್ ಹೇಳಿಬಿಟ್ಟಿದ್ದಾರೆ. ಸಾಲದ್ದಕ್ಕೆ ನಿನ್ನೆ ಇಂಗ್ಲಿಷ್ ಕ್ಲಾಸಿನಲ್ಲಿ ‘ಕಟ್ ಡೌನ್ ಆನ್’ ಬಳಸಿ ನಿಜವಾದ ವಾಕ್ಯ ಬರೆಯಿರಿ ಎಂದಾಗ, ಇವಳು ‘ಮೈ ಗ್ರ್ಯಾಂಡ್‌ಮದರ್ ಹ್ಯಾಸ್ ಕಟ್ ಡೌನ್ ಆನ್ ಟೀ’ ಎಂದು ಬರೆದು ‘ಗುಡ್’ ಗಿಟ್ಟಿಸಿದ್ದಳು!

“ಕಟ್ ಡೌನ್ ಆನ್ ಅಂದ್ರ ಕಮ್ಮಿ ಮಾಡೋದು ಆಯಿ! ಮನ್ಯಾಗ ಕಮ್ಮಿ ಮಾಡಿ ಓಣ್ಯಾಗ ಕುಡಿಯೋದಲ್ಲ!”

ಸಿಟ್ಟು ತಡೆಯದೆ ಕಪ್ ಕಸಿದು ಚಾ ಮೋರಿಗೆ ಸುರಿದುಬಿಟ್ಟಳು.

ಶೇವಂತಾಬಾಯಿಯ ಮುಖ ಸಣ್ಣದಾಯಿತು. ಅಜ್ಜಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

“ನಾ ಮದಿವಿಯಾಗಿ ಈ ನೌಬಾದಿಗೆ ಬಂದಾಗ ಮಂದಿ ನಮಗ ಬ್ಯಾರೆ ಕಪ್ ಇಡ್ತಿದ್ರು, ಮಗಾ. ಹೊರಗ, ಗ್ವಾಡಿ ಮ್ಯಾಲ. ಕುಡದು ನಾವೇ ತೊಳದು ಇಡಬೇಕು. ಈಕಿ ಒಬ್ಬಾಕಿ ಒಳಗ ಕರದು ತನ್ನ ಕಪ್ಪಿನಾಗ ಕೊಟ್ಟಳು. ಈಕಿ ಚಾ ಹ್ಯಾಂಗ ಬ್ಯಾಡ ಅನ್ನಲಿ?”

ಮಹಾಮಾಯಾಗೆ ಇದನ್ನು ಯಾರೂ ಹೇಳಿರಲಿಲ್ಲ. ಖಾಲಿ ಕಪ್ ಅವಳ ಕೈಯಲ್ಲೇ ಇತ್ತು. ನಾಚಿಕೆಯಾಯಿತು. ಅಜ್ಜಿಯ ಕಾಲಿನ ಬ್ಯಾಂಡೇಜ್ ನೋಡಿದರೆ ಹೆದರಿಕೆಯೂ ಆಯಿತು.

“ತಪ್ಪಾತ್ರಿ, ಶೇವಂತಾ ಆಯಿ. ಗುರುವಾರದೊಳಗ ಶುಗರ್ ಇಳೀಲಿಲ್ಲಂದ್ರ ಅಡ್ಮಿಟ್ ಮಾಡಬೇಕಂತ ಡಾಕ್ಟರ್ ಅಂದಾರ. ಇನ್ನೊಂದ್ ಕಪ್ ಚಾ ಹಾಕ್ರಿ. ಒಂದೇ ಹಾಕ್ರಿ. ನೀವು ಕಪ್ಪಿನಾಗ, ನಮ್ಮ ಆಯಿ ಬಸಿಯಾಗ.”

“ಡಾಕ್ಟರ್ ಹಿಂಗಂದಾರಂತ ಮೊದಲೇ ಹೇಳಬಾರದೇನು ಕೌಸಲ್ಯಾ? ಸಕ್ರಿನೇ ಹಾಕ್ತಿದ್ದಿಲ್ಲ!” ಎಂದು ಶೇವಂತಾಬಾಯಿ ಗದರಿದಳು.

“ಮತ್ತ ಖುಷ್ಬೂ ಮನ್ಯಾಗ? ರಾಧಿಕಾ ಮನ್ಯಾಗ?” ಮಹಾಮಾಯಾ ಬಿಡಲಿಲ್ಲ.

“ಅಲ್ಲಿ ನೀರ ಕುಡೀತೀನಿ ತಗೋ, ನಮ್ಮವ್ವ!”

ಅಜ್ಜಿ ಕಪ್ಪಿನಡಿಯ ಬಸಿಗೆ ಸುರಿದ ಎರಡು ಗುಟುಕನ್ನು ಊದಿ ಊದಿ, ಎಷ್ಟು ಹೊತ್ತಾದರೂ ಮುಗಿಯದಂತೆ ಕುಡಿದಳು.

ಕಪ್ ಬಸಿಗಳನ್ನು ಶೇವಂತಾಬಾಯಿಯೇ ತೊಳೆದಳು. ಮಹಾಮಾಯಾ ಅವನ್ನು ಒರೆಸಿ, ಅಡುಗೆಮನೆಯೊಳಗೆ ಹೋಗಿ, ಆ ಮನೆಯ ಉಳಿದ ಕಪ್ ಬಸಿಗಳ ನಡುವೆ ಇಟ್ಟಳು.