ಗುರುಪಾದಪ್ಪನವರ ಕಾರಿನ ಟಕಟಕ

ನಾದಶೋಧಕ ಯಂತ್ರ ತನ್ನ ಆರು ಕಿವಿಗಳನ್ನು ಎಂಜಿನ್ನಿಗೆ ಅಂಟಿಸಿಕೊಂಡು ಕೂತಿತ್ತು. ಕಿವಿ ಎಂದರೆ ಹುಣಸೆಬೀಜದಷ್ಟು ಬಿಲ್ಲೆಗಳು. ಎದುರಿಗೆ ಮೌನೇಶ ಬಡಿಗೇರ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿಕೊಂಡು, ಸವತಿಯನ್ನು ನೋಡುವ ಕಣ್ಣಿನಿಂದ ಅದನ್ನು ನೋಡುತ್ತಿದ್ದ.

ಹುಬ್ಬಳ್ಳಿಯ ಬಂಡಿಗಳೆಲ್ಲ ವಿದ್ಯುತ್ತಿನವಾಗಿ, ರಸ್ತೆಗಳು ಸಪ್ಪಳವನ್ನೇ ಮರೆತ ಕಾಲ ಅದು. ಪೆಟ್ರೋಲು ಕುಡಿಯುವ ಹಳೆಯ ಕಾರುಗಳು ಊರಿಗೆಲ್ಲ ಬೆರಳೆಣಿಕೆಯಷ್ಟು. ಅವಕ್ಕೆ ವೈದ್ಯ ಮೌನೇಶ ಒಬ್ಬನೇ. ‘ಕಿವಿ ಅಂದ್ರ ಮೌನೇಶನ ಕಿವಿ’ ಎಂದು ಜನ ಆಡುವ ಮಾತೇ ಅವನ ಆಸ್ತಿ. ಅದಕ್ಕಿದ್ದ ಕಳಂಕ ಒಂದೇ: ಗುರುಪಾದಪ್ಪ ಹಂಚಿನಾಳರ ನೀಲಿ ಕಾರಿನ ಟಕಟಕ. ವರ್ಷಗಟ್ಟಲೆ ತಿಣುಕಿದರೂ ಅದರ ಮೂಲ ಅವನಿಗೆ ದಕ್ಕಿರಲಿಲ್ಲ. ಈಗ ವಿಜ್ಞಾನಿ ಸುಮೇಧಾ ಜೋಶಿ, ಕಾರ್ಖಾನೆಗಳಿಗಾಗಿ ತಾವು ಕಟ್ಟಿದ ಯಂತ್ರವನ್ನು ಪರೀಕ್ಷಿಸಲು ಅದೇ ಕಾರನ್ನು ಆರಿಸಿಕೊಂಡಿದ್ದರು.

“ಒಂದು ಸಪ್ಪಳ ಆರೂ ಕಿವಿಗೆ ಒಮ್ಮೆಲೆ ಮುಟ್ಟಂಗಿಲ್ರಿ ಬಡಿಗೇರ,” ಎಂದು ಅವರು ವಿವರಿಸಿದರು. “ಹತ್ತಿರದ ಕಿವಿಗೆ ಮೊದಲು, ದೂರದ್ದಕ್ಕ ಆಮ್ಯಾಲೆ. ಆ ವ್ಯತ್ಯಾಸ ಹಿಡಿದು ಸಪ್ಪಳ ಎಲ್ಲಿ ಹುಟ್ಟೇದ ಅಂತ ಹೇಳತದ.”

“ನನಗ ಒಂದ ಕಿವಿ ಸಾಕ್ರಿ,” ಎಂದ ಮೌನೇಶ.

ಯಂತ್ರ ಬಾಯಿ ಬಿಟ್ಟಿತು. “ಮೂರನೆಯ ವಾಲ್ವ್. ರಾಕರ್ ತುದಿಯಲ್ಲಿ ತಗ್ಗು.”

“ಸುಳ್ಳ! ಆ ಸಂದಿಗೆ ನಾನ ಗೇಜು ಹಾಕಿ ನೂರ ಸಲ ಸರಿ ಮಾಡೇನಿ!”

ಮುಚ್ಚಳ ತೆಗೆದರು. ವಾಲ್ವನ್ನು ಒತ್ತುವ ಪುಟ್ಟ ಸನ್ನೆಗೆ ರಾಕರ್ ಎನ್ನುತ್ತಾರೆ. ಅದರ ತುದಿ ಸವೆದು ತಗ್ಗು ಬಿದ್ದಿತ್ತು. ಸಂದು ಅಳೆಯುವ ಗೇಜು ಚಪ್ಪಟೆ ತಗಡು. ಅದು ತಗ್ಗಿನ ಮೇಲೆ ಸೇತುವೆ ಹಾಕಿದಂತೆ ಕೂತು, ‘ಸಂದು ಸರಿಯಿದೆ’ ಎಂದು ಪ್ರತಿ ಸಲವೂ ಸುಳ್ಳು ಹೇಳಿತ್ತು. ತಗಡಿನ ಕೆಳಗೆ ಉಳಿದ ಪೊಳ್ಳೇ ಟಕಟಕ ಅನ್ನುತ್ತಿತ್ತು.

ಮೌನೇಶ ಉಗುರಾಡಿಸಿದ. ಉಗುರು ತಗ್ಗಿಗೆ ಸಿಕ್ಕಿತು. ದೋಷ ಸಿಕ್ಕಿತೆಂಬ ಸಮಾಧಾನ ಕೂದಲೆಳೆಯಷ್ಟೂ ಇಲ್ಲ. ಯಂತ್ರಕ್ಕೆ ಸಿಕ್ಕಿತಲ್ಲಾ ಎಂಬ ಉರಿಯೇ ಎಲ್ಲ.

ಹೊಸ ರಾಕರ್ ಹಾಕಿದ ಮೇಲೆ ಕಾರು ಉಸಿರು ಬಿಟ್ಟದ್ದೂ ಕೇಳಿಸದಂತೆ ಓಡಿತು. “ಭಾರೀ ಯಂತ್ರ ಬಿಡ್ರಿ! ಇಷ್ಟ ವರ್ಷ ಸುಮ್ಮನ ತಿರುಗಿದ್ವಿ,” ಎಂದರು ಗುರುಪಾದಪ್ಪ. ಆ ಮಾತು ಮೌನೇಶನ ಎದೆಗೆ ಮುಳ್ಳಾಗಿ ನಾಟಿತು. ಎಂದಾದರೊಂದು ದಿನ ಯಂತ್ರದ ತಪ್ಪು ಹಿಡಿದೇನು ಎಂಬ ಹಟಕ್ಕೆ, ಹಳೆಯ ರಾಕರನ್ನು ಡಬ್ಬಿಯಲ್ಲಿ ಎತ್ತಿಟ್ಟ. ಗಾಳಿ ಹಾಕಿಸಲು ಬಂದವರೂ “ಆ ಯಂತ್ರ ಎಲ್ಲೈತ್ರಿ?” ಎಂದು ಕೇಳತೊಡಗಿದಾಗ, ಅದರ ಮೇಲೆ ಎಣ್ಣೆಬಟ್ಟೆ ಹೊದಿಸಿಬಿಟ್ಟ. “ಧೂಳ ಬೀಳಬಾರದಲ್ರಿ ಮೇಡಂ,” ಎಂದು ಸುಮೇಧಾರಿಗೆ ಸುಳ್ಳೂ ಹೇಳಿದ.

ಕೆಲವು ದಿನಗಳಲ್ಲಿ ನೀಲಿ ಕಾರು ಮತ್ತೆ ಬಂತು. ಗುರುಪಾದಪ್ಪ ಪೆಚ್ಚುಮೋರೆ ಹಾಕಿಕೊಂಡು ಇಳಿದರು. ಹಿಂದೆಯೇ ಅವರ ಹೆಂಡತಿ ನೀಲವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

“ನಮ್ಮ ಸಪ್ಪಳ ನಮಗ ವಾಪಸ್ ಕೊಡ್ರಿ.”

“ಯಾವ ಸಪ್ಪಳ್ರಿ?” ಎಂದ ಮೌನೇಶ.

“ಕಾರು ಓಣಿ ತಿರುವಿಗೆ ಬಂತಂದ್ರ ಟಕಟಕ ಕೇಳತಿತ್ತು. ಆವಾಗ ಒಲಿ ಮ್ಯಾಲೆ ಹಂಚು ಇಟ್ಟು ರೊಟ್ಟಿ ಬಡೀತಿದ್ದೆ. ಇವರು ಕೈಕಾಲು ತೊಳಕೊಂಡು ಕೂಡೂದರಾಗ ಬಿಸಿ ರೊಟ್ಟಿ. ಈಗ ಕಳ್ಳರಂಗ ಬಂದು ಬೆನ್ನಹಿಂದ ನಿಂತಿರತಾರ! ಮೊದಲ ಮಾಡಿಟ್ರ ರೊಟ್ಟಿ ಬಿರುಸಾಗತೈತಿ.” ನೀಲವ್ವನ ದನಿ ತಗ್ಗಿತು. “ಸಂಜಿ ಆತಂದ್ರ ನನ್ನ ಕಿವಿ ಓಣಿ ಕಡೇನ ಇರತಿತ್ರಿ. ಈಗ ಕಾಯಾಕ ಏನೂ ಉಳಿದಿಲ್ಲ.”

ಸುಮೇಧಾ ಮೆಲ್ಲಗೆ ಹೇಳಿದರು: “ಕಾರು ತಿರುವಿಗೆ ಬಂದ ಕೂಡಲೆ ಫೋನ್ ಬಾರಿಸೋಹಂಗ ಮಾಡಬಹುದಲ್ರಿ?”

“ಫೋನು ಯಾರು ಕರದ್ರೂ ಬಾರಸ್ತೈತ್ರಿ ಮೇಡಂ. ಆ ಟಕಟಕ ಇವರು ಬಂದ್ರಷ್ಟ ಕೇಳತಿತ್ತು.”

ಮೌನೇಶನಿಗೆ ಕುಣಿಯುವಷ್ಟು ಖುಷಿ. ಸಿಕ್ಕಿಬಿತ್ತಲ್ಲ ಯಂತ್ರ! ಓಡಿಹೋಗಿ ಡಬ್ಬಿಯಿಂದ ಹಳೆಯ ರಾಕರ್ ತಂದು ಜೋಡಿಸಿ, ಎಂಜಿನ್ ಚಾಲೂ ಮಾಡಿದ. ನೀಲವ್ವ ತಲೆಯಾಡಿಸಿದಳು. “ಇದಲ್ಲ.” ಸಂದಿನ ತಿರುಪನ್ನು ಮತ್ತೆ ತಿರುಗಿಸಿದ. “ಇದೂ ಅಲ್ಲ. ಇದು ತಗಡು ಬಡದಂಗ ಐತಿ.” ಮೌನೇಶ ಬೆವತುಹೋದ. ಅಷ್ಟು ವರ್ಷ ಆ ಸಪ್ಪಳವನ್ನು ಕೊಲ್ಲಲು ಹೆಣಗಿದ್ದನೇ ಹೊರತು, ಹುಟ್ಟಿಸುವುದು ಹೇಗೆಂದು ಅವನೆಲ್ಲಿ ಕಲಿತಿದ್ದ? ಅದು ಇದ್ದದ್ದು ಇದ್ದ ಹಾಗೆ ಉಳಿದಿದ್ದ ಜಾಗ ಒಂದೇ, ಎಣ್ಣೆಬಟ್ಟೆಯ ಕೆಳಗಿದ್ದ ಯಂತ್ರದ ನೆನಪು.

ಬಟ್ಟೆ ಸರಿಸಿ, ಆರೂ ಕಿವಿಗಳನ್ನು ಎಂಜಿನ್ನಿಗೆ ಅಂಟಿಸಿದ. “ಮೇಡಂ... ಅದನ್ನ ಒಂದೀಟು ಕೇಳ್ರಿ.”

“ನೀವ ಕೇಳ್ರಿ. ಅದಕ್ಕ ನಿಮ್ಮ ಮಾತೂ ತಿಳೀತದ.”

ಮೌನೇಶ ಹಲ್ಲು ಕಚ್ಚಿದ. ನೀಲವ್ವನ ಮುಖ ನೋಡಿದ. “ಹೇಳಪಾ,” ಎಂದ ಕೊನೆಗೆ. “ಮೊದಲಿನ ಸಪ್ಪಳಕ್ಕ ಎಷ್ಟು ಸಡಿಲ ಬಿಡಬೇಕು?”

“ಇನ್ನಷ್ಟು ಸಡಿಲಿಸಿ. ಇನ್ನೂ. ಸ್ವಲ್ಪ ಬಿಗಿಮಾಡಿ. ಸಾಕು.”

ಎಂಜಿನ್ ಟಕಟಕ ಎಂದಿತು. ನೀಲವ್ವ ಕಣ್ಣು ಮುಚ್ಚಿದಳು. “ಹಾಂ... ಬಂದ್ರು,” ಎಂದಳು, ಗಂಡ ಪಕ್ಕದಲ್ಲೇ ನಿಂತಿದ್ದರೂ.

ಯಂತ್ರದ ಕೆಂಪು ದೀಪ ಹೊತ್ತಿತು. “ದೋಷ. ಮೂರನೆಯ ವಾಲ್ವ್. ಕೂಡಲೇ ಸರಿಪಡಿಸಿ.”

“ಕೇಳಿದ್ರಿಲ್ಲೋ ಮೇಡಂ!” ಮೌನೇಶನ ಮುಖ ಅರಳಿತು. “ತಪ್ಪು ಹೇಳ್ತು! ನಿಮ್ಮ ಯಂತ್ರ ತಪ್ಪು ಹೇಳ್ತು!”

ಸುಮೇಧಾ ನಕ್ಕು ದೀಪ ಆರಿಸಿದರು. ಗುರುಪಾದಪ್ಪ ಹೆಂಡತಿಗಾಗಿ ಕಾರಿನ ಬಾಗಿಲು ತೆರೆದು ನಿಂತರು.

ನೀಲವ್ವ ಹತ್ತಲಿಲ್ಲ. “ನಾ ಆಟೋದಾಗ ಮುಂದ ಹೋಗತೀನಿ. ನೀವು ಒಂದೀಟು ತಡದು ಬರ್ರಿ.”