ಹಸಿದ ಕೌದಿ

ಲಾಡ್ಜಿನ ಮಾಳಿಗೆಯಲ್ಲಿ ಒಣಹಾಕಿದ್ದ ಬಿಳಿ ಚಾದರಗಳನ್ನು ಸರಿಸಿ ಬಂದ ಕುಶಲ ನೇರವಾಗಿ ಸಾಬವ್ವ ಹೊಲಿಯುತ್ತಿದ್ದ ಕೌದಿಯ ಮೇಲೆ ಕಾಲಿಟ್ಟ.

“ಚಪ್ಪಲ್ ತೆಗೀರಿ ಸೇಠ,” ಎಂದಳು ಅವಳು, ಸೂಜಿ ನಿಲ್ಲಿಸದೆ. “ಮಂದಿ ಮೈಮ್ಯಾಲೆ ಹೊದಿಯೋದದು.”

ಲಾಡ್ಜಿನ ಮಾಲೀಕ ಅವನೇ. ಆದರೂ ಚಪ್ಪಲಿ ಕೈಯಲ್ಲಿ ಹಿಡಿದು, ಬೈಸಿಕೊಂಡ ಹುಡುಗನಂತೆ ನಕ್ಕ. ಆ ನಗು ಅವಳೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು...

ಅದು ಎಂಬತ್ತನಾಲ್ಕರ ಚಳಿಗಾಲ. ಉಡುಪಿಯ ಕುಶಲ, ಮುಂಬಯಿ ಹತ್ತಿರದ ಕಲ್ಯಾಣದಲ್ಲಿ ಅಪ್ಪ ಕಟ್ಟಿದ ಲಾಡ್ಜನ್ನು ಹೊಸದಾಗಿ ರೂಪಿಸುತ್ತಿದ್ದ. ಬಂದವರು ಬರೀ ಮಲಗಿ ಎದ್ದು ರೈಲು ಹತ್ತಬಾರದು, ಈ ಊರಿನ ಕೈಗಳನ್ನು ಕಂಡು ಹೋಗಬೇಕು ಎಂಬುದು ಅವನ ಹಟ. ಕಿಟಕಿಗೆ ಪಕ್ಕದ ಭಿವಂಡಿಯ ಮಗ್ಗದ ಬಟ್ಟೆ, ಗೋಡೆಗೆ ವಾರ್ಲಿ ಬುಡಕಟ್ಟಿನ ಹೆಂಗಸರ ಅಕ್ಕಿಹಿಟ್ಟಿನ ಚಿತ್ರ, ಮಂಚಕ್ಕೆ ಕಲಬುರಗಿಯಿಂದ ದುಡಿಯಲು ಬಂದ ಸಾಬವ್ವನಂಥವರು ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿ. ಸಂಜೆ ಅತಿಥಿಗಳು ಸಾಬವ್ವನ ಪಕ್ಕ ಕೂತು ನಾಲ್ಕು ಹೊಲಿಗೆ ಹಾಕಬಹುದು.

ಅತಿಥಿಗಳು ಬರುವ ಮೊದಲೇ ಅವನು ಬಂದು ಕೂರತೊಡಗಿದ. ಅವನ ಹೊಲಿಗೆ ಎತ್ತಲೋ ಹರಿದು ಹೋಗುತ್ತಿತ್ತು. ಅವಳು ಅದನ್ನು ಬಿಚ್ಚುತ್ತಿರಲಿಲ್ಲ. ಗಾಳಿಗೆ ಚಾದರಗಳು ಉಬ್ಬುತ್ತಿದ್ದವು. ಮಾಳಿಗೆ ಹಡಗಾಗಿ ತೇಲುತ್ತಿದೆ ಎನ್ನಿಸುತ್ತಿತ್ತು ಅವಳಿಗೆ.

ಲಾಡ್ಜು ತೆರೆಯುವ ಹಿಂದಿನ ದಿನ ಕೌದಿಯ ಮೂಲೆಯಲ್ಲಿ ಅವನ ಬೆರಳಿಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಬಿಚ್ಚಿದರೆ ರೊಟ್ಟಿಯ ಚೂರು.

“ಊಟ ಮಾಡ್ತಾ ಹೊಲಿದದ್ದಾ ಮಾರಾಯ್ತಿ? ಇರುವೆ ಬರ್ತದೆ. ಎಲ್ಲ ಬಿಚ್ಚಿ ಕ್ಲೀನ್ ಮಾಡಿ.”

ಕ್ಲೀನ್... ಆ ಒಂದು ಮಾತು ಅವಳನ್ನು ಚುಚ್ಚಿತು. ನಮ್ಮನ್ನ ಹೊಲಸು ಮಂದಿ ಅಂದ್ಕೊಂಡಾನ! ಅವಳು ಸೂಜಿ ಇಟ್ಟು ಎದ್ದು ಹೋದಳು.

ಅವಳ ಅಣ್ಣನಿಗೆ ಬದಲಾಪುರದಲ್ಲಿ ಕಟ್ಟಡದ ಕೆಲಸ ಸಿಕ್ಕಿತ್ತು. ಅವನ ಜೊತೆ ಬರುವುದಿಲ್ಲ ಎಂದು ಜಗಳವಾಡುತ್ತಿದ್ದವಳು ಮರುದಿನ ತಾನೇ ಗಂಟು ಕಟ್ಟಿದಳು.

ಉಳಿದ ಕೌದಿಗಳನ್ನು ಬಿಚ್ಚಲು ಕುಶಲ, ಸಾಬವ್ವನ ಕಡೆಯವಳೇ ಆದ ಮರೆಮ್ಮನನ್ನು ಕರೆದ. ಆ ಮುದುಕಿ ಕತ್ತರಿ ಮುಟ್ಟಲಿಲ್ಲ. ಕೌದಿಗೂ ಹೊಟ್ಟೆ ಇರುತ್ತದೆ, ರೊಟ್ಟಿ ಉಣಿಸದೆ ಕೊನೆಯ ಮೂಲೆ ಮುಚ್ಚಬಾರದು, ಹಸಿದ ಕೌದಿ ಹೊದ್ದವರಿಗೆ ಅನ್ನ ತಪ್ಪುತ್ತದೆ ಎಂದಳು. ಸಾಬವ್ವ ಹೊರಟಿರುವುದನ್ನೂ ಹೇಳಿದಳು.

ಅವನು ಸ್ಟೇಷನ್ನಿಗೆ ಓಡಿದ. ಅಣ್ಣ ಟಿಕೆಟಿನ ಸಾಲಿನಲ್ಲಿದ್ದ. ಸಾಬವ್ವ ಗಂಟಿನ ಮೇಲೆ ಕೂತಿದ್ದಳು.

“ತಪ್ಪಾಯ್ತು,” ಎಂದ ಏದುಸಿರಿನಲ್ಲೇ. “ನನಗೆ ಗೊತ್ತಿರಲಿಲ್ಲ. ರೊಟ್ಟಿ ಒಳಗೇ ಇರ್ಲಿ.”

“ಇರುವಿ ಬಂದ್ರ?”

“ಬರ್ಲಿ. ಅವೂ ಅತಿಥಿಗಳೇ ಅಲ್ವಾ.”

ನಗಬಾರದೆಂದುಕೊಂಡಿದ್ದಳು. ಆಗಲಿಲ್ಲ. ಆದರೆ ಕೇಳಬೇಕಾದದ್ದು ಇನ್ನೂ ಇತ್ತು.

“ಲಾಡ್ಜಿಗೆ ಕರೀಲಿಕ್ಕೆ ಬಂದೀರೋ, ಮನೀಗೋ?”

ಅವನು ತಡವರಿಸಲಿಲ್ಲ. “ಮನೆಗೆ.”

“ನಿಮ್ಮವ್ವ ಏನಂತಾರ?”

“ಬೈತಾರೆ. ತುಳುವಲ್ಲಿ.”

ಬದಲಾಪುರದ ಗಾಡಿ ಬಂದು ನಿಂತಿತು. ಅವಳು ಗಂಟನ್ನು ಅವನ ಕೈಗೆ ಕೊಟ್ಟಳು.

“ನನಗ ತುಳು ತಿಳಿಯಂಗಿಲ್ಲ. ನಡೀರಿ, ಅಣ್ಣಗ ಹೇಳೋಣು.”